ಕಿವಿಯೋ ಕಿವಿರೋ

ಪ್ರಾಣಿಶಾಸ್ತ್ರದ ತ್ರಿವೇಣಿ ಮೇಡಂ ಪ್ರಾಕ್ಟಿಕಲ್‌ಗೆಂದು ಕೇಳಿದ್ದು ಕಾವಿಗಿಡುವ ನಾಟಿಕೋಳಿ ಮೊಟ್ಟೆ. ಕಂಪ್ಲಿಯಲ್ಲಿ ಕೋಳಿ ಸಾಕುವ ಅಂಜಿನೇಯ ಹೊಸಪೇಟೆಯ ಕಾಲೇಜಿಗೆ ಹೊತ್ತು ತಂದದ್ದು ಬೇಯಿಸಿದ ಮೊಟ್ಟೆ.

"ನಮ್ಮವ್ವ ಕುದಿಸಿಬಿಟ್ಟಾಳ್ರೀ," ಎಂದ, ಮುಖ ಕೆಂಪಗೆ ಮಾಡಿಕೊಂಡು. "ಓದೋ ಮಕ್ಳು ಹಸೀವು ಹೆಂಗ ತಿಂತಾವ ಅಂದ್ಲು."

ಮೆಣಸಿನಪುಡಿಯ ಪೊಟ್ಟಣವನ್ನೂ ಇಟ್ಟಿದ್ದಳು ಪುಣ್ಯಾತ್ಗಿತ್ತಿ. ಅವತ್ತು ಹುಡುಗರು ಭ್ರೂಣಶಾಸ್ತ್ರವನ್ನು ಖಾರ ಹಚ್ಚಿಕೊಂಡು ನುಂಗಿದರು. ತ್ರಿವೇಣಿ ನಕ್ಕಳು, ಅವನು ನೋಡಿದ. ಅಲ್ಲಿಂದ ಶುರು.

ಆಮೇಲೆ ಪ್ರತಿ ಸಲವೂ ಅವನೇ ಮೊಟ್ಟೆ ತಂದ, ಅವಳಪ್ಪನ ರೈಸ್‌ಮಿಲ್ಲಿನ ಭತ್ತದ ಹೊಟ್ಟಿನಲ್ಲೇ ಹುಗಿದು. ಹೊಟ್ಟಿಗೆ ಮಡಿಯಿಲ್ಲ ನೋಡಿ! ಮೊಟ್ಟೆ ಮಾತ್ರ ಅವಳ ಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ತಂದವನ ಮಾತಂತೂ ಕೇಳಲೇಬೇಡಿ.

ಹೋದ ವಾರ ಅವನು ಮದುವೆಯ ಮಾತೆತ್ತಿದಾಗ ತ್ರಿವೇಣಿ ಮೈಕ್ರೋಸ್ಕೋಪ್ ಒರೆಸುತ್ತ ಕೇಳಿಸದವಳಂತೆ ಇದ್ದುಬಿಟ್ಟಳು. ಪ್ರೀತಿಯಿಲ್ಲ ಅಂತಲ್ಲ; ಅಪ್ಪನನ್ನು ನೆನೆದರೆ ಬಾಯಿ ಕಟ್ಟುತ್ತಿತ್ತು. ಈ ಭಾನುವಾರ ತೋರಣಗಲ್ಲಿನ ಇಂಜಿನಿಯರ್ ಒಬ್ಬ ಅವಳನ್ನು ನೋಡಲು ಬರುವವನಿದ್ದ.

ಇವತ್ತು ಅಂಜಿನೇಯ ಮೂರು ದಿನ ಕಾವು ಕಂಡ ಮೊಟ್ಟೆ ತಂದಿದ್ದ. ಕ್ಲಾಸು ಮುಗಿದು ಲ್ಯಾಬಿನಲ್ಲಿ ಇಬ್ಬರೇ ಉಳಿದರು.

"ಮುಂದಿನ ಸಲ ಬ್ಯಾರೇವ್ರು ತರ್ತಾರ್ರೀ. ನನಗ ಭಾಳ ಕೆಲಸ," ಎಂದ, ಅವಳತ್ತ ನೋಡದೆ.

ತ್ರಿವೇಣಿ ಮೊಟ್ಟೆಯೊಂದನ್ನು ಲೆನ್ಸಿನಡಿಗೆ ಸರಿಸಿದಳು. "ಇದೊಂದು ನೋಡಿ ಹೋಗ್ರಿ," ಎಂದಳು.

ಒಡೆದ ಚಿಪ್ಪಿನ ಕಿಂಡಿಯಲ್ಲಿ ಇನ್ನೂ ಮೂಡುತ್ತಿದ್ದ ಮರಿಯ ಗುಂಡಿಗೆ ಕೆಂಪು ಚುಕ್ಕಿಯಾಗಿ ಮಿಡಿಯುತ್ತಿತ್ತು. ಲೆನ್ಸಿನ ಮೇಲೆ ಬಗ್ಗಿದ ಎರಡು ತಲೆಗಳು ತಾಕಿದವು. ಯಾರೂ ಸರಿಯಲಿಲ್ಲ.

"ಕುತ್ತಿಗಿ ಹತ್ರ ಗೆರಿ ಅದಾವಲ್ರೀ, ಏನವು?"

"ಮೀನಿಗೂ ಹಿಂಗ ಮೂಡ್ತಾವ. ಅವ್ವನ ಹೊಟ್ಟ್ಯಾಗ ಇದ್ದಾಗ ನಮಗೂ. ಭಾಳ ಹಳೇ ನಂಟು. ಮೀನಿಗೆ ಮುಂದ ಉಸಿರಾಡೋ ಕಿವಿರು ಆಗ್ತಾವ."

"ನಮಗ?"

"ದವಡಿ, ಗಂಟಲು. ಮೊದಲ್ನೇ ಗೆರಿ ಕಿವಿ ತೂತು ಆಗ್ತೈತಿ."

ಅಂಜಿನೇಯ ತಲೆ ಎತ್ತಿ ಅವಳನ್ನೇ ನೋಡಿದ. "ಅಂದ್ರ ನಿಮಗ ಇರೋದು ಕಿವೀನ? ನಾನು ಕಿವಿರು ಅಂದ್ಕೊಂಡಿದ್ನಿ."

ಸಿಟ್ಟು ಬರಬೇಕಿತ್ತು. ನಗು ಬಂತು, ಹಿಂದೆಯೇ ಅಳು.

"ಕೇಳಿಸಿತ್ತ್ರೀ," ಎಂದಳು. "ಹೋದ ವಾರಾನೇ ಕೇಳಿಸಿತ್ತು."

ಅಲ್ಲೇ ನಿಂತು ಅಪ್ಪನಿಗೆ ಫೋನ್ ಹಚ್ಚಿದಳು.

"ಅಪ್ಪಾಜಿ, ಭಾನುವಾರ ಅವರಿಗೆ ಬರೋದು ಬ್ಯಾಡ ಅನ್ರಿ. ನಾನೇ ಒಬ್ರನ್ನ ಕರ್ಕೊಂಡು ಬರ್ತೀನಿ... ಯಾರಂದ್ರ, ನಮ್ಮ ಮಿಲ್ಲಿಂದ ಕೋಳಿಗೆ ಹೊಟ್ಟು ಒಯ್ತಾರಲ್ಲ, ಅವ್ರು."

ಆ ಕಡೆ ಮಿಲ್ಲಿನ ಸದ್ದು ನಿಂತಿತು. ಅಂಜಿನೇಯ ಫೋನಿನ ಹತ್ತಿರ ಕಿವಿ ತಂದ.

ಕೊನೆಗೆ ಅಪ್ಪನ ದನಿ ಬಂತು. "ಮೊಟ್ಟಿ ಮಾತ್ರ ತರಬ್ಯಾಡ ಅನ್ನವ್ವ."