ಲೋಟಕ್ಕೂ ತಕ್ಕಡಿಗೂ ರಾಜಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ತಿಂಗಳು, ನರ್ಸುಗಳ ಹಾಸ್ಟೆಲಿನ ಅಡುಗೆಮನೆಯಲ್ಲಿ ಒಂದು ತಗಡಿನ ಲೋಟವೂ ಒಂದು ತಕ್ಕಡಿಯೂ ಇದ್ದವು. ಎರಡಕ್ಕೂ ಎಣ್ಣೆ-ಸೀಗೆಕಾಯಿ!

ಲೋಟ ಅಲ್ಲಿ ಅಡುಗೆ ಮಾಡುವ ಹುಡುಗಿಯದು. ಅಡುಗೆ ಕಲಿಸಿದ ಅಜ್ಜಿ ಕೊನೆಗಾಲದಲ್ಲಿ ಅವಳ ಕೈಗಿಟ್ಟದ್ದು. ತಕ್ಕಡಿ, ಆ ವಾರವಷ್ಟೇ ಬಂದ ಸ್ಟೋರ್ ಕೀಪರನದು.

ಅವರ ಮೊದಲ ಭೇಟಿಯೇ ಜಗಳ. ಅಂದು ಮಧ್ಯಾಹ್ನ ಪಾಸ್ತಾ ಸಾಲದೆ ಹದಿನೇಳು ನರ್ಸುಗಳು ಖಾಲಿ ತಟ್ಟೆ ಹಿಡಿದು ನಿಂತಿದ್ದರು.

"ಎಷ್ಟು ಬೇಯಿಸಿದ್ರಿ?" ಅವನು ಕೇಳಿದ.

"ನಲವತ್ತು ಜನಕ್ಕೆ ನಲವತ್ತು ಲೋಟ. ಯಾವಾಗ್ಲೂ ಅಷ್ಟೇ!"

"ಯಾವಾಗ್ಲೂ ಬರ್ತಿದ್ದದ್ದು ಸಣ್ಣ ಕೊಳವೆ ಆಕಾರದ ಪಾಸ್ತಾ. ಈ ಸಲ ಬಂದಿರೋದು ಶಂಖದ ಆಕಾರದ್ದು. ಅದರ ಹೊಟ್ಟೆ ತುಂಬ ಗಾಳಿ! ನಿಮ್ಮ ಲೋಟ ಗಾಳೀನೂ ಅಳೆದುಬಿಟ್ಟಿದೆ."

"ಬಂದು ನಾಲ್ಕು ದಿನ ಆಗಿಲ್ಲ, ಪಾಠ ಬೇರೆ!"

ಅಷ್ಟರಲ್ಲಿ ವಾರ್ಡನ್ ಮೇಡಂ ಬಾಗಿಲಲ್ಲಿ ನಿಂತಿದ್ದರು. "ಇನ್ನೊಂದ್ಸಲ ಸಾಲದೆ ಹೋದ್ರೆ ಈ ಲೋಟಾನೂ ಬೇಡ, ನೀನೂ ಬೇಡ!"

ಅವಳ ಕಣ್ಣು ತುಂಬಿತು. ಅವನು ಮಾತ್ರ ಮೆಲ್ಲಗೆ ಹೇಳಿದ, "ಶನಿವಾರದೊಳಗೆ ನಿಮ್ಮ ಲೋಟಕ್ಕೂ ನನ್ನ ತಕ್ಕಡಿಗೂ ರಾಜಿ ಮಾಡಿಸ್ತೀನಿ. ಇದು ನನ್ನ ಮಾತು."

'ಇವನ ಮಾತು ಯಾರಿಗೆ ಬೇಕು!' ಎಂದುಕೊಂಡಳು. ಆದರೂ ಶನಿವಾರಕ್ಕೆ ಎಷ್ಟು ದಿನ ಉಳಿಯಿತೆಂದು ಬೆರಳು ಮಡಚಿದಳು...

ಶನಿವಾರ ಬೆಳಿಗ್ಗೆ ನೋಡಿದರೆ ಅಡುಗೆಕಟ್ಟೆಯ ಮೇಲೆ ಲೋಟವೇ ಇಲ್ಲ!

"ದೊಡ್ಡಮ್ಮಾ, ನನ್ನ ಲೋಟ?"

ಈರುಳ್ಳಿ ಹೆಚ್ಚುತ್ತಿದ್ದ ಅಡುಗೆಮನೆಯ ಸಹಾಯಕಿ ದೊಡ್ಡಮ್ಮ ತಲೆ ಎತ್ತಲಿಲ್ಲ. "ನಿನ್ನ ಗ್ರಾಂ ಸಾಹೇಬ ಅದನ್ನ ಹಿಡ್ಕೊಂಡು ವಾರ್ಡನ್ ರೂಮಿಗೆ ಹೋದ್ನಲ್ಲೇ."

"ನನ್ನ ಸಾಹೇಬನಂತೆ!"

ರಾಜಿ ಅಂದವನು ಲೋಟವನ್ನೇ ಒಪ್ಪಿಸಿಬಿಟ್ಟನೇ? ಹಾಗಾದರೆ ಅವಳ ಕೆಲಸವೂ... ಹಾಳಾದವನು!

ಕೈ ಒರೆಸಿಕೊಳ್ಳದೆಯೇ ಸ್ಟೋರಿಗೆ ನುಗ್ಗಿದಳು.

ಅವನು ಆಗಲೇ ವಾಪಸ್ ಬಂದು ಮೇಜಿನ ಮುಂದೆ ಕೂತಿದ್ದ. ಎದುರಿಗೆ ಪಾಸ್ತಾದ ಮೂರು ಗುಡ್ಡೆ, ಮಧ್ಯೆ ಅವಳ ಲೋಟ. ಗೋಡೆಯ ಮೇಲೊಂದು ರಟ್ಟು.

*ಕೊಳವೆ, ಲೋಟಕ್ಕೆ 115 ಗ್ರಾಂ. ಚಿಟ್ಟೆ, 75. ಶಂಖ, 65, ನಲವತ್ತು ಜನಕ್ಕೆ 71 ಲೋಟ.*

ಕೆಳಗೆ ವಾರ್ಡನ್ ಮೇಡಂ ಸಹಿ.

"ಲೋಟ ಇಲ್ಲೇ ಇರುತ್ತೆ. ನೀವೂ," ಅಂದ ಅವನು. "ಒಂದೊಂದನ್ನೂ ಐದೈದು ಸಲ ತೂಗಿ ತೋರಿಸಿದ ಮೇಲೆ ಒಪ್ಪಿದ್ರು."

ಎದೆಯ ಮೇಲಿನ ಬಂಡೆ ಸರಿದಂತಾಯಿತು! ಅವಳು ಮೂಟೆಯ ಮೇಲೆ ಕುಸಿದು ಕೂತಳು. ನಗುವೂ ಅಳುವೂ ಒಟ್ಟಿಗೇ ಬಂದವು.

"ಹೇಳಿ ತಗೊಂಡು ಹೋಗೋಕೇನಾಗಿತ್ತು?"

"ಕೇಳಿದ್ರೆ ಕೊಡ್ತಿದ್ರಾ?"

"...ಇಲ್ಲ."

ಆಗಲೇ ಅವಳ ಕಣ್ಣಿಗೆ ಬಿದ್ದದ್ದು ರಟ್ಟಿನ ಕೊನೆಯ ಸಾಲು. *ಎಳೆ,* ಅಷ್ಟೇ. ಮುಂದೆ ಖಾಲಿ.

"ಇದ್ಯಾಕೆ ಅರ್ಧಕ್ಕೇ ನಿಂತಿದೆ?"

"ಉದ್ದ ಎಳೆ ಪಾಸ್ತಾ ಲೋಟದಲ್ಲಿ ಕೂರಲ್ಲ. ನೀವು ಬೆರಳು ಬಳಸಿ ಹಿಡೀತೀರಲ್ಲ, ಅದನ್ನೇ ತೂಗ್ಬೇಕು. ಅದಕ್ಕೇ ಕಾಯ್ತಿದ್ದೆ."

ಅವಳು ಹೆಬ್ಬೆರಳು, ತೋರುಬೆರಳು ಕೂಡಿಸಿ ಒಂದು ಹಿಡಿ ಎಳೆ ತುಂಬಿ ತಕ್ಕಡಿಗಿಟ್ಟಳು.

"ನೂರ ಹನ್ನೆರಡು. ಒಬ್ಬರ ಪಾಲಿಗೆ ಮೂರು ಗ್ರಾಂ ಕಮ್ಮಿ."

"ನೀವು ಹಾಗೆ ನೋಡ್ತಿದ್ರೆ?"

ಅವನು ಗೋಡೆಯತ್ತ ತಿರುಗಿದ. ಅವಳು ಮತ್ತೆ ಹಿಡಿದಳು. ನೂರ ಹದಿನೈದು!

"ಈ ಅಳತೆ ಬೇರೆ ಯಾರ ಕೈಗೂ ಬರಲ್ಲ," ಗೋಡೆಗೇ ಹೇಳಿದ ಅವನು. "ಅದಕ್ಕೆ... ನನ್ನ ಜೊತೆ ಇದ್ಬಿಡ್ತೀರಾ? ಈ ಅಡುಗೆಮನೇಲಿ ಮಾತ್ರ ಅಲ್ಲ... ನಮ್ಮನೇಲಿ."

ಅವಳ ಕೆನ್ನೆ ಬಿಸಿಯಾಯಿತು.

"ಮನೇಲೂ ತಕ್ಕಡಿ ಇರುತ್ತಾ?"

"ಬೇಡ ಅಂದ್ರೆ ಇಲ್ಲ."

"ಇರ್ಲಿ ಬಿಡಿ. ನನ್ನ ಲೋಟದ ಪಕ್ಕದಲ್ಲಿ."

ಅವನ ಕಿಸೆಯಿಂದ ಪೆನ್ನು ಎಳೆದುಕೊಂಡು, ರಟ್ಟಿನ ಕೊನೆಯ ಸಾಲನ್ನು ಅವಳೇ ತುಂಬಿದಳು.