ಟವೆಲ್ ಹಾಕಿದ ಜಾಗ

ರಾಜ್ಯ ಯಾಕೆ ಬೇಕು, ಆಸ್ತಿ ಯಾರದು, ಮನುಷ್ಯ ಹುಟ್ಟಾ ಒಳ್ಳೆಯವನೋ ಕೆಟ್ಟವನೋ ಎಂಬ ಮೂರು ಮಹಾಪ್ರಶ್ನೆಗಳು ೧೯೮೧ರ ಜುಲೈ ತಿಂಗಳ ಒಂದು ಸಂಜೆ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಒಟ್ಟಿಗೇ ಎದ್ದು ನಿಂತವು. ಯುರೋಪಿನ ಪಂಡಿತರು ತಲೆತಲಾಂತರ ಜಗಳಾಡಿದ ಈ ವಿಷಯ ಇಲ್ಲಿ ರಾಯಚೂರು ಬಸ್ಸಿನ ಕಿಟಕಿ ಪಕ್ಕದ ಸೀಟಿನ ರೂಪದಲ್ಲಿತ್ತು. ಸೀಟಿನ ಮೇಲೆ ಕೆಂಪಂಚಿನ ಟವೆಲ್ ಬಿದ್ದಿತ್ತು.

ಟವೆಲ್ಲಿನ ಮೇಲೆ ಗುರುಶಾಂತಮ್ಮ ಕೂತಿದ್ದಳು.

"ಮೇಡಂ, ಅದು ನನ್ನ ಸೀಟ್ರೀ. ಕಿಟಕ್ಯಾಗಿಂದ ಟವೆಲ್ ಹಾಕೀನಿ."

ತಲೆಯೆತ್ತಿದಳು. ತನ್ನದೇ ಕಾಲೇಜಿಗೆ ಹೋದ ವಾರ ಸೇರಿದ ಇನ್ನೊಬ್ಬ ರಾಜ್ಯಶಾಸ್ತ್ರ ಲೆಕ್ಚರರ್, ಗಬ್ಬೂರಿನ ಗದ್ದೆಪ್ಪ. ಓಡಿ ಬಂದ ಏದುಸಿರು, ಕೆದರಿದ ಕೂದಲು... ಎದೆಯಲ್ಲಿ ಏನೋ ಜಗ್ಗಿದಂತಾಯಿತು. ಅದನ್ನು ಆಕೆ ಸಿಟ್ಟು ಎಂದುಕೊಂಡಳು.

"ಬೆಳಿಗ್ಗಿ ರೂಸೊ ಪಾಠ ಮಾಡಿದವರು ನೀವೇ ಏನ್ರೀ? ನೆಲಕ್ಕ ಬೇಲಿ ಹಾಕಿ 'ಇದು ನಂದು' ಅಂದವನಿಂದನೇ ಕೇಡು ಸುರು ಆತು ಅಂತ... ಗ್ವಾಡಿ ಆಚಿ ನನಗ ಕೇಳಸ್ತಿತ್ತು."

"ಹೌದ್ರೀ."

"ಬೇಲಿ ಬ್ಯಾರೆ, ಟವೆಲ್ ಬ್ಯಾರೇನು?"

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು.

"ದುಡದವನಿಗೇ ಆಸ್ತಿ ಅಂತ ಲಾಕ್ ಹೇಳ್ಯಾನಲ್ರೀ. ನಾ ಓಡಿ ಬಂದು, ಜಿಗದು ಹಾಕೀನಿ. ಅದೂ ದುಡಿಮಿನೇ."

"ಸಿಲೆಬಸ್ ಹಂಚೋ ಮುಂದ ಹಾಬ್ಸ್, ಲಾಕ್ ನನ್ನ ಪಾಲಿಗೆ ಬಂದಾರ. ಅವರನ್ನ ಮುಟ್ಟಬ್ಯಾಡ್ರಿ."

ಗದ್ದೆಪ್ಪ ನಕ್ಕುಬಿಟ್ಟ. ಗಬ್ಬೂರಿನವರೆಗೆ ಕಂಬಿ ಹಿಡಿದು ನಿಂತೇ ಹೋದ.

ಮರುದಿನವೂ ಟವೆಲ್ ಬಿದ್ದಿತ್ತು. ಈ ಸಲ ಅವನು "ಬರ್ರಿ ಮೇಡಂ" ಎಂದು ಕರೆದ. ಆಕೆ ಬಂದ ಮೇಲೆ ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡು ನಿಂತ. ಅದೇ ರೂಢಿಯಾಯಿತು.

ಬೇರೆ ಹುಡುಗಿಯಾಗಿದ್ದರೆ ಕರಗುತ್ತಿದ್ದಳೇನೋ. ಗುರುಶಾಂತಮ್ಮ ದಿನಾ ಪಾಠ ಹೇಳುತ್ತಿದ್ದುದು ಹಾಬ್ಸ್‌ನನ್ನು. ಮನುಷ್ಯ ಸ್ವಾರ್ಥಿ, ತಲೆಯ ಮೇಲೊಬ್ಬ ಬಿಗಿ ದೊರೆ ಇಲ್ಲದಿದ್ದರೆ ಎಲ್ಲರಿಗೂ ಎಲ್ಲರ ಮೇಲೂ ಯುದ್ಧ ಎಂದವನು ಆತ. ಇದಕ್ಕೆ ಪುಸ್ತಕ ಓದಬೇಕಾಗಿರಲಿಲ್ಲ. ಅಪ್ಪ ವಿರೂಪಣ್ಣನ ಅಕ್ಕಿ ಗಿರಣಿ ಪಾಲಾಗುವಾಗ ಚಿಕ್ಕಪ್ಪಂದಿರನ್ನು ನೋಡಿದ್ದಳು.

'ಸೀಟು ಕೊಟ್ಟು ಏನು ಕೇಳುತ್ತಾನೆ ಇವನು?'

ಅನುಮಾನಕ್ಕೆ ಕಾರಣವಿತ್ತು. ಇಬ್ಬರೂ ಟೆಂಪರರಿ. ಬೇಸಿಗೆ ರಜೆಗೆ ಮುಂಚೆ ಖಾಯಂ ಆಗುವುದು ಒಂದೇ ಜಾಗ. ವಿರೂಪಣ್ಣ ಮೊದಲೇ ಹೇಳಿದ್ದರು: "ನೌಕರಿ ಪರ್ಮನೆಂಟ್ ಆದ್ರ ಮಾಡು, ಬ್ಯಾಡ ಅನ್ನಂಗಿಲ್ಲ. ಇಲ್ಲಾಂದ್ರ ಸಿಂಧನೂರು ಗಿರಣಿಯವರಿಗೆ ಹೂಂ ಅಂತೀನಿ."

ಸಿಂಧನೂರಿನ ವರ ಗಿರಣಿ ನೋಡಿ ಹೋಗಿದ್ದ. ಆಕೆಯನ್ನು ನೋಡಿದ್ದು ನೆನಪಿಲ್ಲ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಗದ್ದೆಪ್ಪ ಕೇಳಿದ.

"ಹುಟ್ಟುವಾಗ ಮನಸ್ಸು ಖಾಲಿ ಪಾಟಿ, ಕಂಡದ್ದು ಕೇಳಿದ್ದು ಅದರ ಮ್ಯಾಲ ಬರೀತಾ ಹೋಗ್ತದ ಅಂತಾನಲ್ರೀ ನಿಮ್ಮ ಲಾಕ್. ನಿಮ್ಮ ಪಾಟಿ ಮ್ಯಾಲ ನನ್ನ ಬಗ್ಗೆ ಏನು ಬರದೀರಿ?"

"ಬಳಪ ಹುಡುಕಾಕತ್ತೀನಿ."

ಸುಳ್ಳು. 'ಹುಷಾರು' ಎಂದು ಬರೆದಾಗಿತ್ತು. ಅದರ ಪಕ್ಕದಲ್ಲಿ ಇನ್ನೂ ಏನೋ ಇತ್ತು... ಅದನ್ನು ಓದುವ ಧೈರ್ಯ ಇರಲಿಲ್ಲ.

ಸಂಕ್ರಾಂತಿ ಕಳೆದ ವಾರ, ವರಾಂಡದ ಕಂಬದ ಆಚೆಯಿಂದ ಅಟೆಂಡರ್ ಸತ್ತಾರ್ ಸಾಬ್ ದನಿ ಕೇಳಿಸಿತು.

"ಏನ್ ಸಾರ್, ಜಾಗಾ ನಿಮಗೇ ಪಕ್ಕಾ ಆತಂತ?"

"ಟವೆಲ್ ಹಾಕೀನಿ ಸತ್ತಾರ್ ಸಾಬ್. ಕುಂಡ್ರೋದೊಂದೇ ಬಾಕಿ. ಮೇಡಂಗ ಮಾತ್ರ ಹೇಳಬ್ಯಾಡ್ರಿ."

ಗುರುಶಾಂತಮ್ಮನ ಕೈಯಲ್ಲಿದ್ದ ಚಾಕ್‌ಪೀಸ್ ಮುರಿಯಿತು. ಇಷ್ಟು ದಿನದ ಅನುಮಾನ ನಿಜವಾದಾಗ ಸಮಾಧಾನವಾಗಬೇಕಿತ್ತು. ಅಳು ಬಂತು.

ಸಂಜೆ ಕಿಟಕಿಯ ಸೀಟಿನಲ್ಲಿ ಟವೆಲ್ ಕಾಯುತ್ತಿತ್ತು. ಆಕೆ ಕೂರಲಿಲ್ಲ.

"ಬರ್ರಿ ಮೇಡಂ."

"ಹಾಬ್ಸ್ ಖರೇ ಹೇಳ್ಯಾನ ನೋಡ್ರಿ, ಸರ್. ಬಸ್ಸಿನ್ಯಾಗ ಜಾಗ ಕೊಟ್ಟು ಕಾಲೇಜಿನ್ಯಾಗ ಜಾಗ ಹೊಡಕೊಂಡ್ರಿ."

"ಯಾವ ಜಾಗ?"

"ನಾಟಕ ಬ್ಯಾಡ. ಸತ್ತಾರ್ ಸಾಬ್ ಮುಂದ ಅಂದದ್ದು ಕೇಳೀನಿ."

ಗದ್ದೆಪ್ಪ ಆಕೆಯ ಕಡೆ ತಿರುಗಿದ.

"ಅದು ಮಾನ್ವಿ ಕಾಲೇಜಿನ ಜಾಗ್ರೀ. ಇಲ್ಲಿದು ನಿಮಗ ಇರಲಿ ಅಂತ ನಾ ಅಲ್ಲಿ ಅರ್ಜಿ ಹಾಕಿದ್ದೆ."

ಗುರುಶಾಂತಮ್ಮನಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ಸಿಟ್ಟು ಬಂತು.

"ಯಾರನ್ನ ಕೇಳಿ ಬಿಟ್ಟು ಕೊಟ್ರಿ? ಇಂಟರ್‌ವ್ಯೂದಾಗ ನಿಮ್ಮನ್ನ ಸೋಲಿಸೇ ತಗೋತಿದ್ದೆ."

"ಗೊತ್ತಿತ್ರೀ. ಅದಕ್ಕೂ ಹೆದರಿ ಹೋದೆ."

ನಗು ತಡೆಯಲು ಆಕೆ ತುಟಿ ಕಚ್ಚಿದಳು. "ಮತ್ತ ನನಗ ಹೇಳಬ್ಯಾಡ ಅಂದದ್ದು?"

"ಆರ್ಡರ್ ಕೈಗೆ ಬರಲಿ ಅಂತ. ಅದಕ್ಕೂ ಮೊದಲ ನಾ ನಿಮ್ಮನ್ನ ಏನು ಕೇಳಿದ್ರೂ, ನೌಕರಿ ಸಲುವಾಗಿ ಕೇಳಾಕತ್ತಾನ ಅಂತಿದ್ರಿ."

"ಅಂತಿದ್ದೆ."

"ಈಗ ಕೇಳಲ್ಯಾ?"

ಬಸ್ಸಿನ ಗದ್ದಲವೆಲ್ಲ ದೂರ ಸರಿದಂತಾಯಿತು...

"ಜನರ ಒಪ್ಪಿಗಿ ಇಲ್ಲದ ಸರ್ಕಾರ, ಸರ್ಕಾರ ಅಲ್ಲ ಅಂತ ಲಾಕ್ ಹೇಳ್ಯಾನ. ಟವೆಲ್ ಹಾಕಿದ್ರ ಒಪ್ಪಿಗಿ ಆಗಂಗಿಲ್ಲ. ಬಾಯಿ ಬಿಟ್ಟು ಕೇಳಬೇಕು."

"ನಮ್ಮದು ಕುರಿ ಕಾಯೋ ಮನಿತನ್ರೀ. ನಿಮ್ಮದು ಗಿರಣಿ. ಎಲ್ಲಾ ಗೊತ್ತಿದ್ದೂ ಕೇಳಾಕತ್ತೀನಿ. ನನ್ನ ಮದುವಿ ಆಗ್ತೀರೇನ್ರೀ?"

ಉತ್ತರಕ್ಕೆ ಬಾಯಿ ತೆರೆದವಳ ಕಣ್ಣು ಸೀಟಿನ ಕಡೆ ಹೊರಳಿತು. ಮೆಣಸಿನಕಾಯಿ ಗಂಟು ಹೊತ್ತ ಮುದುಕಿ ಬಂಡೆಮ್ಮ ಟವೆಲ್ಲಿನ ಮೇಲೆ ನೆಮ್ಮದಿಯಾಗಿ ಕೂತಾಗಿತ್ತು.

"ಯವ್ವಾ, ಅದು ನಮ್ಮ ಸೀಟು," ಎಂದುಬಿಟ್ಟಳು ಗುರುಶಾಂತಮ್ಮ.

"ನಿಮ್ಮ ಹೆಸರು ಬರದೈತೇನಬೇ? ತಾಸೊತ್ತಿನಿಂದ ನಿಂತು ಪಂಚಾಯ್ತಿ ಮಾಡಾಕತ್ತೀರಿ. ಕುಂತಾಕಿ ನಾನು."

ಗದ್ದೆಪ್ಪನಿಗೆ ಸೀಟಿನ ಚಿಂತೆ ಇರಲಿಲ್ಲ. "ಏನಂದ್ರಿ ಮೇಡಂ?"

"ಕೇಳಿಸ್ಲಿಲ್ಲೇನು?"

"ಕೇಳಿಸ್ತು. ಇನ್ನೊಮ್ಮೆ ಅನ್ರಿ."

"ನಮ್ಮ," ಎಂದಳು ಗುರುಶಾಂತಮ್ಮ, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. "ಆದ್ರ ಒಪ್ಪಿಗಿ ಇನ್ನೊಂದು ಕಡಿ ಕೇಳಬೇಕು. ರಾಯಚೂರಿನ್ಯಾಗ, ಗಿರಣಿಯೊಳಗ. ಅಲ್ಲಿ ಕುಂತವರು ಹಾಬ್ಸ್‌ನ ದೊರಿ ಇದ್ದಂಗ ಇದ್ದಾರ."

"ನೀವು ಪಕ್ಕಕ್ಕ ಇರ್ತೀರಲ್ಲ?"

"ನಿಂತಿರ್ತೀನಿ."

ಬಸ್ಸು ಹೊರಟಿತು. ಇಬ್ಬರೂ ಒಂದೇ ಕಂಬಿ ಹಿಡಿದಿದ್ದರು. ಗಬ್ಬೂರು ಬಂತು. ಗದ್ದೆಪ್ಪ ಇಳಿಯಲಿಲ್ಲ.