ಹೆಬ್ಬಾಗಿಲಿಗೆ ಒಂದು ಬೆರಳಗಲ

ಈ ಕತೆಯಲ್ಲಿ ಒಂದು ಬೆರಳಿನಷ್ಟೂ ಸುಳ್ಳಿಲ್ಲ. ನಂಬದವರು ಅಳೆದು ನೋಡಬಹುದು. ನೋಡದಿದ್ದರೆ ಮೈಗೆ ಒಳ್ಳೆಯದು.

ಹಳೆಯ ಮಠದ ಹೆಬ್ಬಾಗಿಲನ್ನು ಅಳೆಯಲು ಬಂದ ಹೊಸ ಸರ್ವೇಯರನಿಗೆ ಬಾಗಿಲು ಕಾಯುವ ಅಜ್ಜಿ ಮೊದಲೇ ಹೇಳಿದ್ದಳು.

"ಅಳಿ ಮಗಾ, ಬೇಡ ಅನ್ನಲ್ಲ. ಅಳತೇಲಿ ಮಾತ್ರ ಹುಡುಗಾಟ ಬೇಡ. ಇದನ್ನ ಕಟ್ಟಿದ ಮೇಸ್ತ್ರಿಯ ಅಳತೆಗೋಲಿನ ತುದೀನ ಮಠದ ಹಿರಿಯರು ತಮಾಷೆಗೆ ಕತ್ತರಿಸಿಟ್ರಂತೆ. ಕಮಾನು ಕೂಡಲಿಲ್ಲ. ಊರೆಲ್ಲ ನಕ್ಕಿತು. ಅವನು ತನ್ನ ರಕ್ತ ಗಾರೆಗೆ ಕಲಸಿ ಮಾಟ ಇಟ್ಟು ಹೋದ. ಯಾರು ಅಳತೆಗೋಲು ಕೆಡಿಸ್ತಾರೋ, ಒಂದೊಂದು ಸುಳ್ಳು ಅಳತೆಗೂ ಅವರ ಎತ್ತರದಿಂದ ಒಂದು ಬೆರಳಗಲ ಕಮ್ಮಿ. ಹಿರಿಯರನ್ನ ಹೂಳೋಕೆ ಕೊನೆಗೆ ತೊಟ್ಟಿಲಷ್ಟು ಪೆಟ್ಟಿಗೆ ಸಾಕಾಯ್ತು."

"ನಮ್ಮ ಭಾವನಿಗೆ ಹೇಳಜ್ಜೀ," ಎಂದು ಅವನು ನಕ್ಕ. "ಅವರಲ್ಲಿ ಒಂದಡಿ ಹೋದ್ರೂ ಮನೆಗೆ ಸಾಕಾಗೋಷ್ಟು ಉಳಿಯುತ್ತೆ."

ಭಾವ ಎಂದರೆ ಅಕ್ಕನ ಗಂಡ, ಅದೇ ಕಚೇರಿಯ ಹಿರಿಯ ಸರ್ವೇಯರ್, ಏಣಿಯಂಥ ಆಳು. ದೊಡ್ಡ ಕದದೊಳಗಿನ ದಿಡ್ಡಿಬಾಗಿಲನ್ನು ಬಂದವರೆಲ್ಲ ತಲೆತಗ್ಗಿಸಲೆಂದೇ ಗಿಡ್ಡವಾಗಿ ಇಟ್ಟಿದ್ದರು. ತಗ್ಗದ ಭಾವನ ಹಣೆ ಅದಕ್ಕೆ ಢಬ್ ಎಂದು ಬಡಿದಿತ್ತು. ಕೆಲಸ ಕೊಡಿಸಿದವನೂ ಅವನೇ. ಊಟಕ್ಕೆ ಕೂತಾಗಲೆಲ್ಲ ಅನ್ನಕ್ಕಿಂತ ಮೊದಲು ಆ ಉಪಕಾರವನ್ನು ಬಡಿಸುವವನೂ ಅವನೇ.

"ನಾಲ್ಕು ಗಂಟೆಗೆ ನಕ್ಷೆ ಕೊಡ್ಲಿಲ್ಲ ಅಂದ್ರೆ ನಿನ್ನ ಕೆಲಸ ಖಾಯಂ ಆಗಲ್ಲ, ಮೈದುನ," ಎಂದು ಕನ್ನಡಕ ಸರಿಪಡಿಸಿಕೊಂಡು, ಹಣೆ ಉಜ್ಜಿಕೊಳ್ಳುತ್ತಲೇ ಟೇಪನ್ನು ಕೈಗಿಟ್ಟು ಮಾಯವಾದ.

ಒಳಗೆ ಹಗಲಿಗೂ ಕತ್ತಲು. ಬಾವಲಿಯ ನಾತ, ಒದ್ದೆ ಸುಣ್ಣದ ವಾಸನೆ. ಎಡಗೋಡೆ, ನಡುವಿನ ದಾರಿ, ಬಲಗೋಡೆ ಅಳೆದ. ಹೊರಗೆ ಬಂದು ಒಟ್ಟು ಅಗಲ ಅಳೆದ. ಕೂಡಿಸಿದರೆ ಒಳಗಿನದು ಹೊರಗಿನದಕ್ಕಿಂತ ಹದಿನಾರು ಸೆಂಟಿಮೀಟರ್ ಹೆಚ್ಚು!

ಎರಡನೆಯ ಸುತ್ತು. ಹದಿನಾರೇ.

ಕಮಾನಿನ ನೆತ್ತಿಯಲ್ಲಿ, ಬಂದವರನ್ನು ಇಣುಕಿ ನೋಡಲು ಮೇಲಿನ ಕೋಣೆಯಿಂದ ಕೊರೆದಿದ್ದ ತೂತೊಂದಿತ್ತು. ಅದರೊಳಗಿಂದ ಅಜ್ಜಿಯ ದನಿ ಇಳಿಯಿತು: "ಒಳಗಿರೋನಿಗೂ ಜಾಗ ಬೇಕಲ್ಲ ಮಗಾ..."

ಅಜ್ಜಿ ಹೊರಗೆ ಬಿಸಿಲಲ್ಲಿ ಕೂತಿದ್ದಳು, ಬಾಯಿ ಮುಚ್ಚಿಕೊಂಡು.

ಮೂರನೆಯ ಸುತ್ತು. ಅಳೆದೂ ಅಳೆದೂ ಅಳುವೇ ಬಂತು. ಪೆನ್ಸಿಲ್ ಮುರಿಯಿತು. ಹಾಳೆ ಹರಿಯಿತು. ಹದಿನಾರು! ಮೇಲಿನ ದನಿ ಈಗ ಎಳೆಮಗುವಿನದರಂತೆ ತೆಳ್ಳಗಾಗಿತ್ತು: "ಇನ್ನೂ ಬೇಕೂ..."

ಗಂಟೆ ನಾಲ್ಕು ಹೊಡೆಯಿತು. ಅವನು ಟೇಪನ್ನು ನೆಲಕ್ಕೆ ಬಡಿದು ಕುಸಿದು ಕೂತ.

ಮೇಲೆ ಕಿಲಕಿಲ ನಗು. ಮೆಟ್ಟಿಲಲ್ಲಿ ಪುಟ್ಟಪುಟ್ಟ ಹೆಜ್ಜೆ. ಹೊರಗಿನಿಂದ ದಿಡ್ಡಿಬಾಗಿಲು ತೆರೆಯಿತು.

"ಹೆದರ್ದ್ಯಾ?" ಭಾವ ಹೊಟ್ಟೆ ಹಿಡಿದುಕೊಂಡು ಟೇಪಿನ ತುಂಡೊಂದನ್ನು ತೋರಿಸಿದ. "ಮೊದಲ ಎಂಟು ಸೆಂಟಿಮೀಟರ್ ಕತ್ತರಿಸಿ ಕೊಂಡಿ ಕೂರಿಸಿದ್ದೆ ಕಣೋ! ಪ್ರತಿ ಅಳತೇಲೂ ಎಂಟು ಜಾಸ್ತಿ. ಓದೋ ತುದೀನೇ ನೋಡ್ತೀಯ, ಹಿಡಿಯೋ ತುದೀನ ನೋಡ್ತೀಯಾ? ಅಜ್ಜಿ ದನಿ ಹೇಗಿತ್ತು?"

ಮೈದುನ ದಿಡ್ಡಿಬಾಗಿಲನ್ನೇ ನೋಡುತ್ತಿದ್ದ. ಭಾವ ತಲೆ ತಗ್ಗಿಸದೆ ಒಳಬಂದಿದ್ದ. ತಲೆ ತಾಗಿರಲಿಲ್ಲ. ಪ್ಯಾಂಟು ನೆಲ ಗುಡಿಸುತ್ತಿತ್ತು. ಅಂಗಿಯ ತೋಳಿನೊಳಗೆ ಕೈ ಮುಳುಗಿತ್ತು. ಮೂರು ಸುತ್ತು. ಸುತ್ತಿಗೆ ನಾಲ್ಕು ಅಳತೆ. ಹನ್ನೆರಡು ಬೆರಳು.

ಭಾವನೂ ಕೆಳಗೆ ನೋಡಿಕೊಂಡ. ನಗು ನಿಂತಿತು.

"ಟೇಪು ಸುಟ್ಟುಬಿಡು ಮಗಾ!" ಅಜ್ಜಿ ಓಡಿಬಂದಳು. "ಹೋದದ್ದು ಬರಲ್ಲ, ಇದ್ದದ್ದಾದ್ರೂ ಉಳಿಯುತ್ತೆ."

"ಸುಡೋ, ದಮ್ಮಯ್ಯ," ಎಂದಿತು ಆ ತೆಳು ದನಿ. "ನಿಮ್ಮಕ್ಕನ ಮುಖ ನೋಡೋ. ಕೆಲಸ ಕೊಡಿಸಿದ್ದು ನಾನು ಕಣೋ!"

ಅದೊಂದು ಮಾತು ಬೇಡವಾಗಿತ್ತು.

ಮೈದುನನ ಹೊಟ್ಟೆಯ ಆಳದಿಂದ ನಗು ಎದ್ದಿತು. ಬಾವಲಿಗಳು ಚದುರಿದವು. ಕಮಾನು ಗುಂಯ್‌ಗುಟ್ಟಿತು. ನಗುತ್ತ ಟೇಪನ್ನು ಎತ್ತಿಕೊಂಡ. ಕೊಂಡಿಯನ್ನು ಕಲ್ಲಿಗೆ ಸಿಕ್ಕಿಸಿದ. ಎಳೆದ.

"ಎಡಗೋಡೆ," ಎಂದು ನಗುನಗುತ್ತಲೇ ಗಟ್ಟಿಯಾಗಿ ಓದಿದ.

ಭಾವನ ಕನ್ನಡಕ ಜಾರಿ ಬಿತ್ತು.